ಮೊದಲು ಮೂಗು, ಆಮೇಲೆ ಬಾಟಲಿ

ಜಿನ್ ಅನ್ನುವ ಸುವಾಸನೆಯ ಮದ್ಯದಲ್ಲಿ ಒಳ್ಳೆಯದನ್ನು ಗುರುತಿಸುವುದು ಹೇಗೆ ಅಂತ ಹೊಸಬರಿಗಾಗಿ ಬೆಂಗಳೂರಿನ ಜಯನಗರದ ಒಂದು ಪುಟ್ಟ ಸಭಾಂಗಣದಲ್ಲಿ ಶನಿವಾರ ಸಂಜೆ ಆಡಿದ ಮಾತು ಇದು. ಬಂದಿದ್ದವರು ಬರೆದು ಕೊಡಿ ಅಂದರು. ಆಡಿದ ಹಾಗೇ ಬರೆದಿದ್ದೇನೆ. ಅವತ್ತು ಹೇಳಲು ಮರೆತ ಒಂದೆರಡು ವಿಷಯ ಅಲ್ಲಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಡಬ್ಬಿ ಕಳಿಸುತ್ತಿದ್ದೇನೆ. ಮೂಸಿ ನೋಡಿ, ಪಕ್ಕದವರಿಗೆ ದಾಟಿಸಿ. ನಮ್ಮೆಲ್ಲರ ಅಡುಗೆಮನೆಯಲ್ಲಿ ಇರುವಂಥದ್ದೇ ಸ್ಟೀಲಿನ ಮಸಾಲೆ ಡಬ್ಬಿ, ಒಳಗೆ ಏಳು ಬಟ್ಟಲು. ಸಾಸಿವೆ, ಜೀರಿಗೆ, ಮೆಂತ್ಯ ಇರಬೇಕಾದ ಕಡೆ ಇವತ್ತು ಬೇರೆ ಸಾಮಾನು ತುಂಬಿದ್ದೇನೆ. ಕೊತ್ತಂಬರಿ ಬೀಜ, ಅತಿಮಧುರ, ಚಕ್ಕೆ, ಏಲಕ್ಕಿ, ಒಣಗಿಸಿದ ಕಿತ್ತಳೆ ಸಿಪ್ಪೆ. ಇಷ್ಟು ನಿಮಗೆ ಗೊತ್ತಿರುವುದೇ. ಕಂದು ಬಣ್ಣದ ಬೇರಿನ ಚೂರು ಇದೆಯಲ್ಲ, ಅದು ಏಂಜೆಲಿಕಾ. ನಡುವಿನ ಬಟ್ಟಲಲ್ಲಿ ಕಪ್ಪಗೆ, ಸ್ವಲ್ಪ ನೀಲಿ ಛಾಯೆಯ ಕಾಳು ಇವೆ. ಅದನ್ನು ಮಾತ್ರ ಒಬ್ಬೊಬ್ಬರು ಒಂದೊಂದು ಎತ್ತಿಕೊಂಡು ಅಂಗೈಯಲ್ಲಿ ಇಟ್ಟುಕೊಳ್ಳಿ. ಈಗಲೇ ಹಿಚುಕಬೇಡಿ.

ಮೇಜಿನ ಮೇಲೆ ಒಂದು ಬಾಟಲಿಯೂ ಇಲ್ಲ ಅಂತ ಕೆಲವರು ನೋಡುತ್ತಿದ್ದೀರಿ. ಇಲ್ಲಿ ಮದ್ಯ ಬಡಿಸಲು ಪರವಾನಗಿ ಇಲ್ಲ, ಹಾಗಾಗಿ ತಂದಿಲ್ಲ. ಆದರೆ ಜಿನ್ ಬಗ್ಗೆ ತಿಳಿಯಬೇಕಾದ ಅರ್ಧಕ್ಕಿಂತ ಜಾಸ್ತಿ ವಿಷಯ ಒಂದು ಹನಿ ಕುಡಿಯದೆಯೇ ಕಲಿಯಬಹುದು. ಈ ಡಬ್ಬಿ ಅದಕ್ಕೇ.

ನನ್ನ ಕಸುಬು ಅಗರಬತ್ತಿಗೆ ಸುವಾಸನೆ ಬೆರೆಸುವುದು. ಮೈಸೂರು ರಸ್ತೆ ಕಡೆ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಅದನ್ನೇ ಮಾಡುತ್ತಿದ್ದೇನೆ. ಬೆಳಗ್ಗೆ ಹೋದರೆ ಸಂಜೆವರೆಗೂ ಕಾಗದದ ಪಟ್ಟಿ ಅದ್ದುವುದು, ಮೂಸುವುದು, ಬರೆದಿಡುವುದು. ಜಿನ್ ಬಗ್ಗೆ ನಾನು ಮಾತಾಡುವುದಕ್ಕೆ ಕಾರಣವೂ ಆ ಮೂಗೇ.

ನಾನು ಮೊದಲ ಸಲ ಜಿನ್ ಕುಡಿದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಆಗ ನಮ್ಮ ಊರಲ್ಲಿ ಗುಂಡು ಅಂದರೆ ಬಿಯರ್, ರಮ್, ವಿಸ್ಕಿ, ಬ್ರಾಂದಿ. ಜಿನ್ ಕೇಳಿದರೆ ಅಂಗಡಿಯವನು ಕೆಳಗಿನ ಕಪಾಟಿನಿಂದ ಧೂಳು ಒರೆಸಿ ಒಂದು ಬಾಟಲಿ ತೆಗೆಯುತ್ತಿದ್ದ. ಗೆಳೆಯನ ರೂಮಿನಲ್ಲಿ ಅದನ್ನು ಸ್ಪ್ರೈಟ್ ಜೊತೆ ಬೆರೆಸಿ ಕುಡಿದೆವು. ನೆಲ ಒರೆಸುವ ಫಿನೈಲಿನ ವಾಸನೆ, ಗಂಟಲಲ್ಲಿ ಉರಿ, ಬೆಳಗ್ಗೆ ತಲೆ ಸಿಡಿತ. ಜಿನ್ ಅಂದರೆ ಇಷ್ಟೇ ಅಂತ ತೀರ್ಮಾನ ಮಾಡಿ ಹತ್ತು ಹದಿನೈದು ವರ್ಷ ಅದರ ಹತ್ತಿರ ಹೋಗಲಿಲ್ಲ. ಆಮೇಲೆ ಒಂದು ದಿನ ಪರಿಚಯದವರೊಬ್ಬರ ಮನೆಯಲ್ಲಿ ಒಳ್ಳೆಯ ಜಿನ್ ಲೋಟಕ್ಕೆ ಹಾಕಿ ಕೊಟ್ಟರು. ಕುಡಿಯುವ ಮೊದಲು, ಅಭ್ಯಾಸಬಲ, ಮೂಸಿದೆ. ಅಮ್ಮ ಸಾರಿನ ಪುಡಿಗೆ ಕೊತ್ತಂಬರಿ ಬೀಜ ಹುರಿಯುವಾಗ, ಬೀಜ ಇನ್ನೇನು ಬಣ್ಣ ತಿರುಗಬೇಕು ಅನ್ನುವಾಗ ಏಳುವ ಘಮ ಇದೆಯಲ್ಲ, ಅದು ಆ ಲೋಟದಲ್ಲಿತ್ತು. ಅದರ ಹಿಂದೆ ಕಿತ್ತಳೆ ಸಿಪ್ಪೆ. ಅದರ ಹಿಂದೆ ಕಾಡು. ಲೋಟ ಕೆಳಗಿಡಲು ಮನಸ್ಸು ಬರಲಿಲ್ಲ.

ಹದಿನೈದು ವರ್ಷ ನಾನು ದೂರ ಇಟ್ಟಿದ್ದು ಜಿನ್ನನ್ನಲ್ಲ, ಒಂದು ಕೆಟ್ಟ ಬಾಟಲಿಯನ್ನು. ಇವತ್ತು ಹೊಸದಾಗಿ ಶುರು ಮಾಡುವವರಿಗೆ ಹಾಗಾಗಬಾರದು ಅನ್ನುವುದು ನನ್ನ ಆಸೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕುಡಿಯದೇ ಇರುವವರು ನನ್ನ ಮಾತು ಕೇಳಿ ಶುರು ಮಾಡಬೇಡಿ. ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವಂಥ ಅಳತೆ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೇಗೂ ಕುಡಿಯುವವರು ಕಡಿಮೆ ಕುಡಿಯಲಿ, ಒಳ್ಳೆಯದನ್ನು ಕುಡಿಯಲಿ, ಗಮನ ಕೊಟ್ಟು ಕುಡಿಯಲಿ ಅಂತ ನನ್ನ ಮಾತು. ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಇದು ಇಲ್ಲವೇ ಇಲ್ಲ.

ಈಗ ಅಂಗೈಯಲ್ಲಿರುವ ಕಾಳು. ಉಗುರಿನಿಂದ ಒಡೆದು ಮೂಸಿ.

ಇದು ಜೂನಿಪರ್. ನೋಡಲು ಹಣ್ಣಿನ ಹಾಗಿದೆ, ಆದರೆ ಹಣ್ಣಲ್ಲ. ಪೈನ್ ಮರದ ಕಾಯಿ ಗೊತ್ತಲ್ಲ, ಅದೇ ಜಾತಿಯದು, ಸಿಪ್ಪೆಗಳೆಲ್ಲ ಕೂಡಿಕೊಂಡು ಗುಂಡಗಾಗಿದೆ. ಗಿಡದಲ್ಲಿ ಮಾಗಲು ಎರಡು ಮೂರು ವರ್ಷ ಬೇಕು. ಒಂದೇ ಕೊಂಬೆಯಲ್ಲಿ ಹಸಿರು ಕಾಯಿಯೂ ಇರುತ್ತದೆ, ಮಾಗಿದ ನೀಲಿ ಕಾಯಿಯೂ ಇರುತ್ತದೆ. ಇಟಲಿ, ಮ್ಯಾಸಿಡೋನಿಯಾ ಕಡೆಯ ಬೆಟ್ಟಗಳಿಂದ ಜಿನ್ ಮಾಡುವವರು ತರಿಸಿಕೊಳ್ಳುತ್ತಾರೆ. ನಮ್ಮ ಹಿಮಾಲಯದಲ್ಲೂ ಬೆಳೆಯುತ್ತದೆ. ಆಯುರ್ವೇದದಲ್ಲಿ ಇದಕ್ಕೆ ಹಪುಷಾ ಅಂತ ಹೆಸರು. ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆಯ ಹಳೆಯ ಗ್ರಂಧಿಗೆ ಅಂಗಡಿಗಳಲ್ಲಿ ಆ ಹೆಸರು ಹೇಳಿ ವಿಚಾರಿಸಿ ನೋಡಿ.

ಏನು ವಾಸನೆ ಬರುತ್ತಿದೆ? ಕರ್ಪೂರ ಅಂದರು ಯಾರೋ. ಟರ್ಪೆಂಟೈನ್ ಅಂದರು ಇನ್ನೊಬ್ಬರು. ಎರಡೂ ಸರಿ. ಪೈನ್ ಮರದ ವಾಸನೆ ಕೊಡುವ ಪೈನೀನ್ ಅನ್ನುವ ಎಣ್ಣೆ ಇದರಲ್ಲಿ ಹೇರಳವಾಗಿದೆ. ನಿಂಬೆ, ಕಿತ್ತಳೆ ಸಿಪ್ಪೆಯಲ್ಲಿರುವ ಲಿಮೋನೀನ್ ಕೂಡ ಇದೆ. ಹಾಗಾಗಿ ಕಾಳನ್ನು ಬಿಸಾಡಬೇಡಿ. ಅಂಗೈಯಲ್ಲೇ ಇರಲಿ, ಐದೈದು ನಿಮಿಷಕ್ಕೆ ಒಂದು ಸಲ ಮೂಸುತ್ತಿರಿ.

ಜಿನ್ ಅಂದರೆ ಜೂನಿಪರ್. ಆ ಹೆಸರು ಬಂದಿದ್ದೇ ಅದರಿಂದ. ಜೂನಿಪರ್‌ನಿಂದಲೇ ಹೆಸರು ಪಡೆದ ಹಾಲೆಂಡಿನವರ ಮದ್ಯ ಜೆನೆವರ್ ಇಂಗ್ಲೆಂಡಿಗೆ ಹೋಗಿ ಜಿನ್ ಆಯಿತು. ಯೂರೋಪಿನ ಕಾನೂನು ಕೂಡ ಎದ್ದು ಕಾಣುವ ರುಚಿ ಜೂನಿಪರ್‌ದೇ ಆಗಿರಬೇಕು ಅನ್ನುತ್ತದೆ. ಹೊಸಬರು ಜಿನ್ ಆರಿಸುವಾಗ ಹಿಡಿದುಕೊಳ್ಳಬೇಕಾದ ದಾರ ಇದೊಂದೇ. ಲೋಟದಲ್ಲಿ ಜೂನಿಪರ್ ಸಿಗುತ್ತಿದೆಯಾ? ಸಿಗದಿದ್ದರೆ ಬಾಟಲಿ ಎಷ್ಟೇ ಚೆಂದ ಇರಲಿ, ನೀವು ಕೊಂಡಿದ್ದು ವಾಸನೆ ಬೆರೆಸಿದ ವೋಡ್ಕಾ.

ಮಿಕ್ಕ ಬಟ್ಟಲುಗಳಿಗೆ ಬರೋಣ. ಕೊತ್ತಂಬರಿ ಬೀಜ ಇಲ್ಲದ ಜಿನ್ ಹುಡುಕುವುದು ಕಷ್ಟ. ಅದರಲ್ಲಿರುವ ಲಿನಲೂಲ್ ಅನ್ನುವ ಎಣ್ಣೆ ಲ್ಯಾವೆಂಡರ್ ಹೂವಿನಲ್ಲೂ ಇದೆ. ನಮ್ಮ ಕಾರ್ಖಾನೆಗೆ ಅದು ಡ್ರಮ್ಮಿನಲ್ಲಿ ಬರುತ್ತದೆ. ಏಂಜೆಲಿಕಾ ಬೇರು ಮಣ್ಣಿನ ವಾಸನೆ ಕೊಡುತ್ತದೆ, ಉಳಿದ ಘಮಗಳಿಗೆ ನೆಲದ ಹಾಗೆ ಕೆಳಗೆ ನಿಲ್ಲುತ್ತದೆ. ಅತಿಮಧುರ ಸಕ್ಕರೆ ಹಾಕದೆಯೇ ನಾಲಿಗೆಗೆ ಸ್ವಲ್ಪ ಸಿಹಿ, ಸ್ವಲ್ಪ ನುಣುಪು ತರುತ್ತದೆ. ಈಗ ಗಮನಿಸಿ. ಈ ಡಬ್ಬಿಯಿಂದ ಜೂನಿಪರ್, ಕೊತ್ತಂಬರಿ, ಏಂಜೆಲಿಕಾ, ಅತಿಮಧುರ, ಈ ನಾಲ್ಕೇ ಬಟ್ಟಲು ತೆಗೆದುಕೊಂಡರೆ ಅದು ಟ್ಯಾಂಕರೇ ಜಿನ್‌ನ ಸಾಮಾನು. 1830ರಿಂದ ಹೆಸರು ಮಾಡಿರುವ ಜಿನ್ ಅದು. ಬೀಫೀಟರ್ ಅನ್ನುವ ಜಿನ್‌ನಲ್ಲಿ ಒಂಬತ್ತು ಸಾಮಾನು, ಬಾಂಬೆ ಸಫೈರ್ ಅನ್ನುವುದರಲ್ಲಿ ಹತ್ತು. ಲೇಬಲ್ಲಿನ ಮೇಲೆ ನಲವತ್ತು ಸಾಮಾನಿನ ಪಟ್ಟಿ ಹಾಕಿದ ಮಾತ್ರಕ್ಕೆ ಜಿನ್ ದೊಡ್ಡದಾಗುವುದಿಲ್ಲ. ಸಾರಿನ ಪುಡಿಗೂ ಅಷ್ಟೇ, ಮನೆಯಲ್ಲಿರುವ ಮಸಾಲೆಯನ್ನೆಲ್ಲ ಸುರಿದರೆ ಯಾವುದರ ಘಮವೂ ನಿಲ್ಲುವುದಿಲ್ಲ, ಅಲ್ವಾ?

ಈಗ ಮಾಡುವ ಬಗೆ. ನನಗೆ ತುಂಬ ಇಷ್ಟದ ಭಾಗ ಇದು, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ನಮ್ಮ ಕಸುಬಿನಲ್ಲಿ ಬತ್ತಿ ಎರಡು ಬಗೆ. ಒಂದು, ಇದ್ದಿಲ ಪುಡಿಗೆ ಜಿಗಟು ಸೇರಿಸಿ ಬರೀ ಬತ್ತಿ ಹೊಸೆದು, ಆಮೇಲೆ ಸೆಂಟಿನಲ್ಲಿ ಅದ್ದಿ ಒಣಗಿಸುವುದು. ಇನ್ನೊಂದು ಮಸಾಲಾ ಬತ್ತಿ. ಅದಕ್ಕೆ ಗಂಧದ ಪುಡಿ, ಬೇರು, ಹಾಲುಮಡ್ಡಿ ಎಲ್ಲ ಹಿಟ್ಟಿನಲ್ಲೇ ಕಲಸಿ ಹೊಸೆಯಬೇಕು. ಅದ್ದಿದ ಬತ್ತಿ ಹಚ್ಚಿದ ಕೂಡಲೇ ಜೋರಾಗಿ ಮೂಗಿಗೆ ಹೊಡೆಯುತ್ತದೆ, ಕೊನೆವರೆಗೂ ಅದೇ ಒಂದು ವಾಸನೆ. ಮಸಾಲಾ ಬತ್ತಿ ಉರಿಯುತ್ತಾ ಉರಿಯುತ್ತಾ ಬದಲಾಗುತ್ತದೆ.

ಜಿನ್ನಿನಲ್ಲೂ ಇದೇ ಕಥೆ. ಅದರಲ್ಲೂ ಎರಡು ಬಗೆ, ಎರಡಕ್ಕೂ ಮೂಲ ಒಂದೇ. ಧಾನ್ಯದಿಂದಲೋ, ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದಲೋ ತೆಗೆದ, ನೂರಕ್ಕೆ 96ರಷ್ಟು ಶುದ್ಧವಾದ, ವಾಸನೆ ಇಲ್ಲದ ಸ್ಪಿರಿಟ್. ಅದಕ್ಕೆ ನೀರು ಸೇರಿಸಿ, ಎಸೆನ್ಸ್ ಬೆರೆಸಿ ಬಾಟಲಿಗೆ ತುಂಬಿದರೆ ಒಂದು ಬಗೆಯ ಜಿನ್. ಅದ್ದಿದ ಬತ್ತಿಯ ಹಾಗೆ. ಅದೇ ಸ್ಪಿರಿಟ್ಟಿನಲ್ಲಿ ಜೂನಿಪರ್, ಬೇರು, ಸಿಪ್ಪೆಗಳನ್ನು ನೆನೆಸಿ, ತಾಮ್ರದ ಭಟ್ಟಿಯಲ್ಲಿ ಮತ್ತೆ ಬಟ್ಟಿ ಇಳಿಸಿದರೆ ಇನ್ನೊಂದು ಬಗೆ. ಬೀಫೀಟರ್‌ನವರು ಸಾಮಾನನ್ನು 24 ಗಂಟೆ ನೆನೆಸುತ್ತಾರೆ. ಬಾಂಬೆ ಸಫೈರ್‌ನವರು ನೆನೆಸುವುದಿಲ್ಲ, ಸಾಮಾನನ್ನು ಬುಟ್ಟಿಯಲ್ಲಿಟ್ಟು ಆವಿಯನ್ನು ಅದರ ಮೂಲಕ ಹಾಯಿಸುತ್ತಾರೆ, ನಾವು ಇಡ್ಲಿ ಬೇಯಿಸುವ ಹಾಗೆ.

ಭಟ್ಟಿ ಕಾದಾಗ ಎಲ್ಲ ಒಟ್ಟಿಗೆ ಬರುವುದಿಲ್ಲ. ಮೊದಲು ಬರುವ ಸ್ವಲ್ಪವನ್ನು ಬೇರೆ ತೆಗೆದಿಡುತ್ತಾರೆ. ಅದರ ಹಿಂದೆ ನಿಂಬೆ, ಕಿತ್ತಳೆಯ ಹಗುರ ಘಮ ಬರುತ್ತದೆ. ಆಮೇಲೆ ಜೂನಿಪರ್, ಕೊತ್ತಂಬರಿ. ಕೊನೆಗೆ ಬೇರುಗಳ ಮಣ್ಣಿನ ವಾಸನೆ. ಇನ್ನೂ ಬಿಟ್ಟರೆ ಬೇಯಿಸಿ ಕಂದಿಸಿದ ವಾಸನೆ ಇಳಿಯುತ್ತದೆ, ಅಷ್ಟರಲ್ಲಿ ನಿಲ್ಲಿಸಬೇಕು. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನುವುದರಲ್ಲೇ ಮಾಡುವವನ ಕೈ ಕಾಣುವುದು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಮೇಲೆ ಕರಿಬೇವು ಹಾಕಲು ಎಷ್ಟು ಹೊತ್ತು ಅಂತ ಅಮ್ಮಂದಿರು ಗಡಿಯಾರ ನೋಡುವುದಿಲ್ಲವಲ್ಲ, ಹಾಗೆ.

ಹಾಗಾದರೆ ಅಂಗಡಿಯಲ್ಲಿ ನಿಂತು ಬಾಟಲಿ ನೋಡಿ ಇದನ್ನು ಕಂಡುಹಿಡಿಯುವುದು ಹೇಗೆ? ಲೇಬಲ್ ಓದಿ. ಲಂಡನ್ ಡ್ರೈ ಅಂತ ಇದ್ದರೆ ಅದು ಲಂಡನ್ನಿನಲ್ಲಿ ಆಗಿದ್ದು ಅಂತ ಅರ್ಥ ಅಲ್ಲ. ಅದು ಮಾಡುವ ಕ್ರಮದ ಹೆಸರು. ಯೂರೋಪಿನ ನಿಯಮದಲ್ಲಿ ಇದಕ್ಕೆ ಕಟ್ಟುನಿಟ್ಟು ಇದೆ. ಘಮವೆಲ್ಲ ಭಟ್ಟಿಯಲ್ಲೇ ಬರಬೇಕು, ಆಮೇಲೆ ಬಣ್ಣ, ಎಸೆನ್ಸ್ ಸೇರಿಸುವಂತಿಲ್ಲ, ಸಕ್ಕರೆ ಲೀಟರಿಗೆ 0.1 ಗ್ರಾಂ ಮೀರುವಂತಿಲ್ಲ. ಹೊಸಬರಿಗೆ ನನ್ನ ಸಲಹೆ ನೇರವಾಗಿದೆ. ಮೊದಲ ಬಾಟಲಿ ಲಂಡನ್ ಡ್ರೈ ಇರಲಿ. ಗುಲಾಬಿ ಬಣ್ಣದ್ದು, ಸ್ಟ್ರಾಬೆರಿಯದ್ದು, ಬಾಟಲಿಯಲ್ಲಿ ಮಿನುಗುವ ಪುಡಿ ಹಾಕಿದ್ದು, ಅವೆಲ್ಲ ಆಮೇಲೆ ನೋಡೋಣ.

ಸಕ್ಕರೆ ಬಗ್ಗೆ ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಅದರ ಹಿಂದೆ ಒಂದು ಚರಿತ್ರೆ ಇದೆ. ಹದಿನೆಂಟನೇ ಶತಮಾನದಲ್ಲಿ ಲಂಡನ್ನಿನ ಬಡವರ ಬೀದಿಗಳಲ್ಲಿ ಜಿನ್ ಹುಚ್ಚು ಎಷ್ಟಿತ್ತೆಂದರೆ 1736ರಲ್ಲಿ, ಮತ್ತೆ 1751ರಲ್ಲಿ ಅದನ್ನು ಹದ್ದುಬಸ್ತಿಗೆ ತರಲು ಕಾನೂನು ಮಾಡಬೇಕಾಯಿತು. ಆಗಿನ ಸ್ಪಿರಿಟ್ ಕೊಳಕು. ಅದರ ಕೆಟ್ಟ ವಾಸನೆ ಮುಚ್ಚಲು ಸಿಹಿ ಹಾಕುತ್ತಿದ್ದರು. 1830ರಲ್ಲಿ ಈನಿಯಸ್ ಕಾಫಿ ಅನ್ನುವವರು ಎಡೆಬಿಡದೆ ಸ್ಪಿರಿಟ್ ಇಳಿಸುವ ಹೊಸ ಭಟ್ಟಿಗೆ ಪೇಟೆಂಟ್ ಪಡೆದರು. ಅದರಿಂದ ಶುದ್ಧ ಸ್ಪಿರಿಟ್ ಸಿಗತೊಡಗಿತು. ಮುಚ್ಚಿಡುವಂಥದ್ದು ಏನೂ ಇಲ್ಲದ ಮೇಲೆ ಸಕ್ಕರೆ ಯಾಕೆ? ಹಾಗೆ ಡ್ರೈ ಜಿನ್ ಬಂತು.

ಲೇಬಲ್ಲಿನಲ್ಲಿ ಇನ್ನೊಂದು ಅಂಕಿ ನೋಡಿ. ನಮ್ಮ ದೇಶದ ಬಾಟಲಿಗಳಲ್ಲಿ ಆಲ್ಕೋಹಾಲ್ 42.8 ಪರ್ಸೆಂಟ್ ಅಂತ ಆಗಾಗ ಕಾಣುತ್ತದೆ. ಯೂರೋಪಿನಲ್ಲಿ ಕನಿಷ್ಠ 37.5. ಸುವಾಸನೆಯ ಎಣ್ಣೆ ಕರಗುವುದು ಆಲ್ಕೋಹಾಲಿನಲ್ಲಿ, ನೀರಿನಲ್ಲಿ ಅಲ್ಲ. ಹಾಗಾಗಿ ಜಿನ್ನಿಗೆ 40ರ ಮೇಲೆ ಇದ್ದರೆ ಘಮ ತುಂಬಿಕೊಂಡಿರುತ್ತದೆ, ಟಾನಿಕ್, ಅಂದರೆ ಜಿನ್ನಿಗೆ ಬೆರೆಸುವ ಕಹಿ ಸೋಡಾ, ಹಾಕಿದ ಮೇಲೂ ನಿಲ್ಲುತ್ತದೆ. ಅಂಕಿ ಜಾಸ್ತಿ ಇದ್ದರೆ ಕುಡಿಯುವ ಅಳತೆ ಕಮ್ಮಿ ಇರಲಿ, ಅಷ್ಟೇ.

ಬೆಲೆ? ನಮ್ಮ ಊರಲ್ಲಿ ಬೆಲೆ ನೋಡಿ ಗುಣ ಅಳೆಯಲು ಆಗುವುದಿಲ್ಲ. ಹೊರದೇಶದಿಂದ ಬರುವ ಬಾಟಲಿಗೆ ಬಹಳ ವರ್ಷ 150 ಪರ್ಸೆಂಟ್ ಕಸ್ಟಮ್ಸ್ ಸುಂಕ ಇತ್ತು. ಅದರ ಮೇಲೆ ರಾಜ್ಯದ ಅಬಕಾರಿ ಸುಂಕ ಬೇರೆ, ಅದನ್ನು ಬೆಲೆಯ ಹಂತಗಳ, ಅಂದರೆ ಸ್ಲ್ಯಾಬ್ ಲೆಕ್ಕದಲ್ಲಿ ಹಾಕುತ್ತಾ ಬಂದಿದ್ದಾರೆ. 2024ರ ಆಗಸ್ಟ್ ಕೊನೆಯಲ್ಲಿ ಸರ್ಕಾರ ಸ್ಲ್ಯಾಬ್ ಬದಲಾಯಿಸಿದಾಗ ದುಬಾರಿ ಬಾಟಲಿಗಳ ಬೆಲೆ ಇಳಿಯಿತು. ಒಳಗಿನ ಜಿನ್ ಮಾತ್ರ ಅದೇ. ನೀವು ಕೊಡುವ ದುಡ್ಡಿನಲ್ಲಿ ಜೂನಿಪರ್‌ಗೆ ಹೋಗುವುದು ಎಷ್ಟು, ತೆರಿಗೆಗೆ ಎಷ್ಟು, ಗಾಜಿಗೆ ಎಷ್ಟು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ರಾಜಾಜಿನಗರದಲ್ಲಿ ಒಂದು ಗೃಹಪ್ರವೇಶಕ್ಕೆ ಉಡುಗೊರೆ ಅಂತ ನಾನೇ ಒಂದು ದುಬಾರಿ ಬಾಟಲಿ ಕೊಂಡೊಯ್ದಿದ್ದೆ. ದಪ್ಪ ಗಾಜು, ಮರದ ಮುಚ್ಚಳ. ತೆರೆದು ನೀರು ಬೆರೆಸಿದರೆ ಐಸ್ ಕ್ಯಾಂಡಿಯ ಕಿತ್ತಳೆ ಎಸೆನ್ಸಿನ ವಾಸನೆ. ಹತ್ತು ನಿಮಿಷಕ್ಕೆ ಅದೂ ಹೋಗಿ ಬರೀ ಸ್ಪಿರಿಟ್ ಉಳಿಯಿತು. ಆ ಗೆಳೆಯನ ಮುಖ ನೋಡಿ ನನಗೆ ನಿಜವಾಗಿ ಬೇಜಾರಾಯಿತು.

ಯಾವ ಹೆಸರು ಅಂತ ಕೇಳುತ್ತೀರಿ, ಹೇಳುತ್ತೇನೆ. ಹೊರದೇಶದ್ದು ಬೇಕಿದ್ದರೆ ಬೀಫೀಟರ್ ಅಥವಾ ಟ್ಯಾಂಕರೇ. ಎರಡರಲ್ಲೂ ಜೂನಿಪರ್ ಮುಂದೆ ನಿಂತು ಮಾತಾಡಿಸುತ್ತದೆ. ನಮ್ಮ ದೇಶದ್ದು ಬೇಕಿದ್ದರೆ ಗ್ರೇಟರ್ ದ್ಯಾನ್. 2017ರಲ್ಲಿ ನಾವೋ ಸ್ಪಿರಿಟ್ಸ್‌ನವರು ಗೋವಾದಲ್ಲಿ ಶುರು ಮಾಡಿದ ಲಂಡನ್ ಡ್ರೈ. ನಮ್ಮಲ್ಲಿ ಜಿನ್ನಿನ ಹೊಸ ಅಲೆ ಎದ್ದದ್ದು ಅಲ್ಲಿಂದ. ಹಿಮಾಲಯದ ಜೂನಿಪರ್ ಹಾಕಿ ಅವರೇ ಮಾಡಿದ ಇನ್ನೊಂದರ ಹೆಸರು ಹಪುಸಾ, ನಾನು ಆಗಲೇ ಹೇಳಿದ ಸಂಸ್ಕೃತದ ಹೆಸರೇ. ಅದರಲ್ಲಿ ಮಣ್ಣು, ಕಾಡು ಜಾಸ್ತಿ. ಮೊದಲನೆಯದಾಗಿ ಬೇಡ, ಮೂರನೆಯದಾಗಿ ಕುಡಿಯಿರಿ. 2018ರಲ್ಲಿ ಗೋವಾದಿಂದಲೇ ಸ್ಟ್ರೇಂಜರ್ ಅಂಡ್ ಸನ್ಸ್ ಬಂತು, ಅದರಲ್ಲಿ ಸಿಟ್ರಸ್ ಸಿಪ್ಪೆ, ಮಸಾಲೆ ಎದ್ದು ಕಾಣುತ್ತದೆ. ಅದೇ ವರ್ಷ ರ‍್ಯಾಡಿಕೋ ಖೇತಾನ್‌ನವರ ಜೈಸಲ್ಮೇರ್. ನಮ್ಮ ಬೆಂಗಳೂರಿನ, 1948ರಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್‌ನವರೂ ನೀಲ್‌ಗಿರೀಸ್ ಅನ್ನುವ ಜಿನ್ ಮಾಡಿದ್ದಾರೆ. ಗುಲಾಬಿ, ಸೌತೆಕಾಯಿ ಹಾಕಿದ ಹೆಂಡ್ರಿಕ್ಸ್ ನನಗೆ ಇಷ್ಟ, ಆದರೆ ಅದರಿಂದ ಶುರು ಮಾಡಿದರೆ ಜಿನ್ ಅಂದರೆ ಸೌತೆಕಾಯಿ ಅಂದುಕೊಳ್ಳುವ ಅಪಾಯ ಇದೆ.

ಗೋವಾದಲ್ಲಿ ಕಂಡಿದ್ದೆಲ್ಲ ಇಲ್ಲಿ ಸಿಗುವುದಿಲ್ಲ. 2003ರಿಂದ ನಮ್ಮಲ್ಲಿ ಸಗಟು ಮಾರಾಟವೆಲ್ಲ ರಾಜ್ಯ ಪಾನೀಯ ನಿಗಮದ ಡಿಪೋಗಳ ಮೂಲಕವೇ. ಹಾಗಾಗಿ ಒಂದೇ ಹೆಸರು ಹಿಡಿದು ಊರೆಲ್ಲ ಸುತ್ತಬೇಡಿ. ಇರುವುದರಲ್ಲಿ ಲಂಡನ್ ಡ್ರೈ ಯಾವುದು ಅಂತ ಕೇಳಿ. ಮುಚ್ಚಳದ ಮೇಲೆ ಅಬಕಾರಿ ಚೀಟಿ ಹರಿಯದೆ ಇದೆಯಾ ನೋಡಿ, ಬಿಲ್ ತೆಗೆದುಕೊಳ್ಳಿ. ಮೂವರು ಗೆಳೆಯರು ಸೇರಿ ಒಬ್ಬೊಬ್ಬರು ಒಂದೊಂದು ಬಾಟಲಿ ಕೊಂಡು ಹಂಚಿಕೊಂಡರೆ ಒಬ್ಬನ ದುಡ್ಡಿನಲ್ಲಿ ಮೂರರ ಪರಿಚಯ ಆಗುತ್ತದೆ. ಬಾರಿನಲ್ಲಾದರೆ ಎರಡು ಬಗೆಯದು 30 ಎಂಎಲ್ ಹಾಗೇ ತರಿಸಿ, ಟಾನಿಕ್ ಬೇರೆ ಇಡಿ ಅನ್ನಿ.

ಪರೀಕ್ಷೆ ಮಾಡುವ ರೀತಿ ಹೇಳುತ್ತೇನೆ. ಊಟಕ್ಕೆ ಮುಂಚೆ, ಮನೆಯಲ್ಲಿ ಊದುಬತ್ತಿ ಹಚ್ಚದೆ ಇರುವಾಗ. ನನ್ನ ಬಾಯಲ್ಲಿ ಈ ಮಾತು ಬರುವುದು ವಿಚಿತ್ರ ಅನಿಸಬಹುದು, ಆದರೆ ನಿಜ. ಬಾಯಿ ಕಿರಿದಾದ ಸಣ್ಣ ಗಾಜಿನ ಲೋಟಕ್ಕೆ 15 ಎಂಎಲ್ ಜಿನ್, ಐಸ್ ಬೇಡ. ಲೋಟವನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು ಮೂಸಿ. ಒಳಗೇ ಮೂಗು ತೂರಿಸಿದರೆ ಸ್ಪಿರಿಟ್ ಹೊಡೆದು ಮೂಗು ಮಂಕಾಗುತ್ತದೆ. ಈಗ ಅಷ್ಟೇ ಅಳತೆ ಕುಡಿಯುವ ನೀರು ಹಾಕಿ. ಸ್ವಲ್ಪ ಮಬ್ಬಾದರೆ ಹೆದರಬೇಡಿ. ಆಲ್ಕೋಹಾಲ್ ತೆಳುವಾದಾಗ ಕರಗಿದ್ದ ಎಣ್ಣೆ ಬಿಡುತ್ತದೆ, ಅದು ಕೆಟ್ಟದ್ದಲ್ಲ, ಎಣ್ಣೆ ಚೆನ್ನಾಗಿ ಇದೆ ಅಂತಲೇ ಅರ್ಥ. ಮತ್ತೆ ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ. ಆಮೇಲೆ ಲೋಟ ಅಲ್ಲೇ ಬಿಟ್ಟು ಹತ್ತು ನಿಮಿಷ ಬೇರೆ ಕೆಲಸ ಮಾಡಿ ಬನ್ನಿ.

ಆ ಹತ್ತು ನಿಮಿಷ ಮುಖ್ಯ. ನನ್ನ ಕಸುಬಿನಲ್ಲಿ ಪಟ್ಟಿಯನ್ನು ಅದ್ದಿದ ಕೂಡಲೇ ಯಾರೂ ತೀರ್ಪು ಕೊಡುವುದಿಲ್ಲ. ವಾಪಸ್ ಬಂದಾಗ ಲೋಟದ ಘಮ ಬದಲಾಗಿರಬೇಕು. ಸಿಪ್ಪೆಯ ಚುರುಕು ಹಿಂದೆ ಸರಿದು ಜೂನಿಪರ್ ಮುಂದೆ ಬಂದಿರಬೇಕು, ಅದರಡಿ ಬೇರಿನ ವಾಸನೆ ಸಿಗಬೇಕು. ಏನೂ ಬದಲಾಗದೆ ಅದೇ ಒಂದು ಜೋರು ವಾಸನೆ ಇದ್ದರೆ, ಇಲ್ಲವೇ ಎಲ್ಲ ಹಾರಿಹೋಗಿ ಸ್ಪಿರಿಟ್ ಮಾತ್ರ ಉಳಿದಿದ್ದರೆ, ಆ ಬಾಟಲಿ ಇನ್ನೊಂದು ಸಲ ಕೊಳ್ಳಬೇಡಿ. ಎರಡು ಮೂರು ಜಿನ್ ಇಟ್ಟುಕೊಂಡರೆ ಮೂಗು ಬೇಗ ಸೋಲುತ್ತದೆ. ಆಗ ನಿಮ್ಮ ಮೊಣಕೈ ಒಳಭಾಗ ಮೂಸಿ, ನಿಮ್ಮದೇ ಮೈವಾಸನೆಗೆ ಮೂಗು ಮತ್ತೆ ಹದಕ್ಕೆ ಬರುತ್ತದೆ. ಖಾಲಿ ಲೋಟ ತೊಳೆಯದೆ ರಾತ್ರಿ ಬಿಟ್ಟು ಬೆಳಗ್ಗೆ ಮೂಸಿ ನೋಡಿ. ಒಳ್ಳೆಯ ಜಿನ್ ಇದ್ದ ಲೋಟದಲ್ಲಿ ಬೇರಿನ, ಮರದ ಘಮ ಆಗಲೂ ತೆಳ್ಳಗೆ ಉಳಿದಿರುತ್ತದೆ.

ಇನ್ನು ಟಾನಿಕ್. ಒಳ್ಳೆಯ ಜಿನ್ ಕೊಂಡು ಟಾನಿಕ್‌ನಲ್ಲಿ ಕೆಡಿಸಿಕೊಳ್ಳುವವರೇ ಜಾಸ್ತಿ. ಕಹಿ ಬರುವುದು ಕ್ವಿನೈನ್‌ನಿಂದ, ಅದು ಸಿಂಕೋನಾ ಮರದ ತೊಗಟೆಯದು. ನಮಗೆ ದೂರದ್ದೇನಲ್ಲ, 1860ರ ದಶಕದಲ್ಲಿ ಬ್ರಿಟಿಷರು ಪಕ್ಕದ ನೀಲಗಿರಿ ಬೆಟ್ಟಗಳಲ್ಲಿ ಸಿಂಕೋನಾ ತೋಟ ಹಾಕಿದ್ದರು. ಟಾನಿಕ್ ವಾಟರ್‌ಗೆ ಲಂಡನ್ನಿನಲ್ಲಿ ಪೇಟೆಂಟ್ ಆದದ್ದು 1858ರಲ್ಲಿ. ಜಿನ್ ಅಂಡ್ ಟಾನಿಕ್ ಅನ್ನುವ ಜೋಡಿ ಮಾತು 1868ರಲ್ಲೇ ಒಂದು ಕ್ರೀಡಾ ಪತ್ರಿಕೆಯಲ್ಲಿ ಅಚ್ಚಾಗಿದೆ. ನಮ್ಮ ರೆಸಿಡೆನ್ಸಿ ರಸ್ತೆಯ ಬೆಂಗಳೂರು ಕ್ಲಬ್ ಹುಟ್ಟಿದ್ದೂ ಅದೇ ವರ್ಷ. ಆದರೆ ಟಾನಿಕ್ ಕುಡಿದರೆ ಮಲೇರಿಯಾ ಬರುವುದಿಲ್ಲ ಅನ್ನುವುದನ್ನು ನಂಬಬೇಡಿ. ಅಮೆರಿಕದ ನಿಯಮದಲ್ಲಿ ಒಂದು ಲೀಟರ್ ಟಾನಿಕ್‌ಗೆ 83 ಮಿಲಿಗ್ರಾಂ ಕ್ವಿನೈನ್ ಮೀರುವಂತಿಲ್ಲ. ಚಿಕಿತ್ಸೆಗೆ ದಿನಕ್ಕೆ ಸುಮಾರು ಅದರ ಇಪ್ಪತ್ತು ಪಟ್ಟು ಬೇಕು.

ಸಾಮಾನ್ಯ ಟಾನಿಕ್‌ನ 200 ಎಂಎಲ್‌ನಲ್ಲಿ ಸುಮಾರು ನಾಲ್ಕು ಚಮಚ ಸಕ್ಕರೆ ಇರುತ್ತದೆ. ಲೇಬಲ್ ನೋಡಿ ಸಕ್ಕರೆ ಕಮ್ಮಿ ಇರುವುದು ಆರಿಸಿ. ಚಿಕ್ಕ ಬಾಟಲಿ ಅಥವಾ ಕ್ಯಾನ್ ಕೊಳ್ಳಿ, ದೊಡ್ಡ ಬಾಟಲಿ ತೆರೆದಿಟ್ಟರೆ ನೊರೆ ಸತ್ತುಹೋಗುತ್ತದೆ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಜಾಸ್ತಿ ಆದರೆ ಹಾಗಲಕಾಯಿಯೇ ಸಿಗುವುದಿಲ್ಲ. ಟಾನಿಕ್‌ನಲ್ಲೂ ಕಹಿ ಕಹಿಯಾಗಿಯೇ ಇರಬೇಕು. ಲೋಟದ ತುಂಬ ಐಸ್ ಹಾಕಿ. ಎರಡೇ ತುಂಡು ಹಾಕಿದರೆ ಅವು ಬೇಗ ಕರಗಿ ನೀರಾಗುತ್ತದೆ. 60 ಎಂಎಲ್ ಜಿನ್, 180 ಎಂಎಲ್ ತಣ್ಣನೆಯ ಟಾನಿಕ್. ಆಗ ಲೋಟದಲ್ಲಿ ಆಲ್ಕೋಹಾಲ್ ಹತ್ತಿರತ್ತಿರ 11 ಪರ್ಸೆಂಟ್ ಆಗುತ್ತದೆ, ಬಿಯರ್‌ಗಿಂತ ಎರಡು ಪಟ್ಟು ಅನ್ನುವುದು ನೆನಪಿರಲಿ. ನಿಂಬೆಹಣ್ಣು ಹಿಂಡಲೇಬೇಡಿ. ಹುಳಿ ಬಿದ್ದರೆ ಎಲ್ಲ ಜಿನ್ನೂ ಒಂದೇ. ಸಿಪ್ಪೆಯ ಒಂದು ಚೂರು ಲೋಟದ ಮೇಲೆ ತಿರುಚಿ ಒಳಗೆ ಬಿಡಿ, ಸಾಕು. ಕೊಡಗಿನ ಕಿತ್ತಳೆ ಸಿಕ್ಕ ದಿನ ಅದರ ಸಿಪ್ಪೆ ಹಾಕಿ ನೋಡಿ. ಮನೆಗೆ ಹೋಗುವಾಗ ಮೆಟ್ರೋ, ಆಟೋ. ಗಾಡಿ ಮುಟ್ಟಬೇಡಿ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ, ಆ ಮಿತಿ ದಾಟಲು ಒಂದು ಲೋಟ ಸಾಕಾಗಬಹುದು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಬಾಟಲಿ ಫ್ರೀಜರಿನಲ್ಲಿ ಇಡಬಹುದಾ ಸರ್ ಅಂತ ಒಬ್ಬ ಹುಡುಗ ಕೇಳಿದ. ಇಡಬಹುದು, ಹೆಪ್ಪುಗಟ್ಟುವುದಿಲ್ಲ. ಆದರೆ ತಣ್ಣಗಾದಷ್ಟೂ ಘಮ ಅಡಗುತ್ತದೆ. ಹೊಸಬರು ಹೊರಗೇ, ಬಿಸಿಲು ಬೀಳದ ಕಡೆ ಇಡಿ ಅಂದೆ. ತೆರೆದ ಬಾಟಲಿ ಕೆಡುವುದಿಲ್ಲ, ನಿಧಾನಕ್ಕೆ ಮಂಕಾಗುತ್ತದೆ. ಒಂದು ವರ್ಷದೊಳಗೆ ಮುಗಿಸುವುದು ಒಳ್ಳೆಯದು.

ಕೊನೆಯಲ್ಲಿ ಎರಡನೇ ಸಾಲಿನ ಅಮ್ಮ ಒಬ್ಬರು ಎದ್ದರು. ಎಪ್ಪತ್ತು ದಾಟಿರಬೇಕು, ಮಗಳ ಜೊತೆ ಬಂದಿದ್ದರು. "ನಾನು ಕುಡಿಯುವವಳಲ್ಲಪ್ಪ, ಡಬ್ಬಿ ಬಂತು ಅಂತ ಮೂಸಿದೆ" ಅಂದರು. ಅವರ ಅಂಗೈ ಇನ್ನೂ ಮುಚ್ಚೇ ಇತ್ತು. "ನೀನು ಒಡಿ ಅಂದಾಗ ದೇವರ ಮನೆ ಕರ್ಪೂರ ಇದ್ದ ಹಾಗಿತ್ತು. ನಡುವೆ ಒಂದು ಸಲ ನೋಡಿದರೆ ನಿಂಬೆ ಸಿಪ್ಪೆ. ಈಗ ಮಳೆಯಲ್ಲಿ ನೆಂದ ಸೌದೆ ವಾಸನೆ ಬರುತ್ತಿದೆ. ನಾನು ಹೇಳಿದ್ದು ಸರಿಯಾ?"

ಅಷ್ಟು ಹೊತ್ತು ನಾನು ಹೇಳಲು ಪ್ರಯತ್ನಿಸಿದ್ದನ್ನು ಅವರು ಅಂಗೈಯಲ್ಲೇ ಹಿಡಿದಿದ್ದರು. ಸರಿ ಅಮ್ಮ, ಪೂರ್ತಿ ಸರಿ ಅಂದೆ. ಡಬ್ಬಿಯಿಂದ ಇನ್ನೊಂದು ಹಿಡಿ ಕಾಳು ತೆಗೆದು ಕಾಗದದಲ್ಲಿ ಪೊಟ್ಟಣ ಕಟ್ಟಿ ಅವರ ಕೈಗೆ ಕೊಟ್ಟೆ.